ದವಡೆಯೊಳಗಿನ ಎರಡನೆಯ ದಾರಿ

ಕೆಳದವಡೆಯ ಎಲುಬಿನೊಳಗೆ ಎರಡೂ ಕಡೆ ಒಂದೊಂದು ಸಣ್ಣ ಕಾಲುವೆ ಇದೆ. ಹಲ್ಲುಗಳಿಗೂ ಕೆಳತುಟಿಗೂ ಹೋಗುವ ನರ ಅದರೊಳಗೆ ಸಾಗಿ, ಗದ್ದದ ಹತ್ತಿರ ಒಂದು ತೂತಿನಿಂದ ಹೊರಬೀಳುತ್ತದೆ. ಪುಸ್ತಕದಲ್ಲಿ ಎಲ್ಲರದೂ ಒಂದೇ ತರಹ. ಬೈಲಹೊಂಗಲದ ನನ್ನ ಹಲ್ಲಿನ ದವಾಖಾನೆಗೆ ಬರುವ ದವಡೆಗಳು ಮಾತ್ರ ಆ ಪುಸ್ತಕ ಓದಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಬಂದವರು ಒಪ್ಪಿದರೆ ಅವರ ಎಕ್ಸ್‌ರೇ ತೆಗೆದಿಟ್ಟುಕೊಂಡು, ಯಾರ ಕಾಲುವೆ ಎಲ್ಲಿ ತಿರುಗುತ್ತದೆ ಎಂದು ನೋಡುವುದು ನನ್ನ ಹುಚ್ಚು. ಊಟಕ್ಕೆ ಕುಳಿತವರ ಗದ್ದ ದಿಟ್ಟಿಸಿ ನೋಡಿ ಮನೆಯಲ್ಲಿ ಬೈಸಿಕೊಂಡದ್ದೂ ಇದೆ.

ಈ ಕೆಲಸಕ್ಕೆ ನಮ್ಮ ಕಡೆ ದೊಡ್ಡ ಅಡ್ಡಿ ತಾಳಿ. ಯಂತ್ರ ಮುಖದ ಸುತ್ತ ತಿರುಗುವಾಗ ಕೊರಳಲ್ಲಿ ಲೋಹವಿದ್ದರೆ ಚಿತ್ರದಲ್ಲಿ ದವಡೆಯ ಮೇಲೆ ಬಿಳಿ ಮಬ್ಬು ಬೀಳುತ್ತದೆ. ಕಿವಿಯೋಲೆ, ಮೂಗುಬಟ್ಟು ಬಿಚ್ಚುತ್ತಾರೆ. ತಾಳಿ ಎಂದೊಡನೆ ಕೈ ಕೊರಳಿಗೆ ಹೋಗುತ್ತದೆ.

ಉಗರಗೋಳದಿಂದ ಬಂದ ಒಬ್ಬ ಹೆಂಗಸಿಗೆ ಬಲಗಡೆಯ ಕೆಳಗಿನ ಕೊನೆಯ ಹಲ್ಲು ಹುಳುಕಾಗಿ, ತಿಂಗಳುಗಟ್ಟಲೆ ರೊಟ್ಟಿ ಅಗಿಯಲು ಆಗಿರಲಿಲ್ಲ. ಬೇರೆ ಕಡೆ ಎರಡು ಸಲ ಕೀಳಿಸಲು ಹೋಗಿ, ಜೋಮು ಹಿಡಿಸುವ ಸೂಜಿ ಕೊಟ್ಟ ಮೇಲೂ ಚೀರಿ ಎದ್ದುಬಂದಿದ್ದಳು. ಅಲ್ಲಿಂದ ಮನೆಯಲ್ಲಿ ಆಕೆಗೆ ‘ನಾಟಕದಾಕಿ’ ಎಂದೇ ಹೆಸರು. ಹೆಸರಿಟ್ಟ ಗಂಡ ಪಕ್ಕದಲ್ಲೇ ಕುಳಿತಿದ್ದ.

“ತುಟಿ ಜೋಮ ಹಿಡದಿತ್ತರಿ ಡಾಕ್ಟರ್ ಬಾಯಾರ, ಆದ್ರೂ ಚೀರ್ಯಾಳ್ರಿ. ಬರೇ ನಾಟಕ,” ಎಂದ.

ಆಕೆ ನೆಲ ನೋಡುತ್ತ ಹೇಳಿದಳು: “ನೀವೂ ಹಂಗ ಅಂದ್ರ, ನಾ ಈ ಹಲ್ಲ ಇಟಗೊಂಡ ಸಾಯತೇನ್ರಿ. ಇನ್ನೊಮ್ಮಿ ಎಲ್ಲೂ ಬರಂಗಿಲ್ಲ.”

ನನಗೆ ಆತನ ಮೇಲೆ ಸಿಟ್ಟು ಬಂತು. ಅವರು ತಂದಿದ್ದ ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಬಲಗಡೆ ಕಾಲುವೆಯ ಮೇಲೆ ಇನ್ನೊಂದು ತೆಳುವಾದ ಗೆರೆ ಇದ್ದಂತಿತ್ತು. ಅಲ್ಲೇ ತಾಳಿಸರದ ಮಬ್ಬೂ ಇತ್ತು. ಹಿಂದೆ ನೋಡಿದವರು ಗೆರೆಯನ್ನೂ ಸರದ ಲೆಕ್ಕಕ್ಕೇ ಸೇರಿಸಿ ಬಿಟ್ಟಿರಬೇಕು.

“ತಾಳಿ ತಗೀಬೇಕಾಗತೈತ್ರಿ ಅಕ್ಕಾರ.”

“ಕೊಳ್ಳ ಬರಿದ ಮಾಡಬಾರದ್ರಿ.”

“ಬರಿದ ಯಾಕ ಮಾಡೂದು? ಅರಿಷಿಣ ಬೇರ ಕಟ್ಟಿಕೋರಿ.”

ತಾಳಿಯನ್ನು ಹೊಸದಾಗಿ ಪೋಣಿಸಲು ಬಿಚ್ಚಿದಾಗ ಅರಿಷಿಣದ ಬೇರನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಉಂಟು. ಬೇರಿನಿಂದ ಚಿತ್ರಕ್ಕೆ ತೊಂದರೆ ಇಲ್ಲ. ಗಂಡನನ್ನೇ ಎದುರಿನ ಕಿರಾಣಿ ಅಂಗಡಿಗೆ ಅಟ್ಟಿದೆ. ಗೊಣಗುತ್ತ ಹೋದವನು ದೊಡ್ಡದೊಂದು ಬೇರು ಆರಿಸಿ ತಂದು ತಾನೇ ಕಟ್ಟಿ, ಆಕೆ ಬಿಚ್ಚಿಕೊಟ್ಟ ತಾಳಿಸರವನ್ನು ಕೈಯಲ್ಲಿ ಹಿಡಿದುಕೊಂಡ.

ಹೊಸ ಚಿತ್ರದಲ್ಲಿ ಮಬ್ಬು ಹೋಗಿತ್ತು, ಗೆರೆ ಹೋಗಿರಲಿಲ್ಲ. ಸಂಶಯ ಉಳಿಯಬಾರದೆಂದು ಎಲುಬನ್ನು ಎಲ್ಲ ಕಡೆಯಿಂದ ತೋರಿಸುವ ಸ್ಕ್ಯಾನನ್ನೂ ಮಾಡಿದೆ. ಎಡಗಡೆ ಒಂದೇ ಕಾಲುವೆ. ಬಲಗಡೆ ಅದು ಕವಲೊಡೆದು, ಒಂದು ಕವಲು ನೇರವಾಗಿ ಆ ಹಲ್ಲಿನ ಬುಡಕ್ಕೆ ಹೋಗಿತ್ತು. ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ.

“ನೋಡ್ರಿ ಯಜಮಾನ್ರ,” ಎಂದು ಗಂಡನನ್ನು ಪರದೆಯ ಮುಂದೆ ನಿಲ್ಲಿಸಿದೆ. “ಈ ಕಡೆ ಇವರ ನರ ಎರಡ ದಾರಿಲೆ ಹೋಗೇತಿ. ಸೂಜಿ ಒಂದಕ್ಕಷ್ಟ ಹತ್ತಿತ್ತು. ತುಟಿ ಜೋಮ ಹಿಡದ್ರೂ ಹಲ್ಲ ಎಚ್ಚರನ ಇತ್ತು.”

ಆತ ತಾಳಿಸರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಈ ಸಲ ಸೂಜಿಯನ್ನು ಇನ್ನಷ್ಟು ಮೇಲೆ, ನರ ಕವಲೊಡೆಯುವ ಮೊದಲೇ ಹಿಡಿಯುವಂತೆ ಕೊಟ್ಟು ಕಾದೆ. ಆಮೇಲೆ ಇಕ್ಕಳದಿಂದ ಹಲ್ಲು ಅಲುಗಾಡಿಸಿದೆ. ಆಕೆಯ ಕಣ್ಣಿನಿಂದ ನೀರು ಇಳಿಯಿತು. ಇಕ್ಕಳ ಹೊರತೆಗೆದು ಕೇಳಿದೆ, “ನೋವಾಗಾಕತ್ತೈತೇನ್ರಿ?”

ಆಕೆ ತಲೆ ಅಲ್ಲಾಡಿಸಿದಳು. ಬಾಗಿಲಲ್ಲಿ ನಿಂತ ಗಂಡನಿಗೂ ಕೇಳುವಂತೆ, ಜೋಮು ಹಿಡಿದ ತುಟಿಯಲ್ಲೇ ಹೇಳಿದಳು:

“ಒಂಚೂರೂ ಇಲ್ರಿ. ಅಂದ್ರ ಅವತ್ತ ಆಗಿದ್ದು ಖರೇನ ನೋವರಿ. ಎಲ್ಲಾರೂ ಅಂದು ಅಂದು, ನಾ ನಾಟಕ ಮಾಡೇನೇನೋ ಅಂತ ನನಗೂ ಅನಸಾಕತ್ತಿತ್ತು.”