ಅವ್ವನ ಮೊಣಕೈ ಅಳತೆಯ ಸಿಂಕು

ಪ್ಲಂಬರ್ ಗುಡ್ಡಪ್ಪನ ಚೀಲದಲ್ಲಿ ಟೇಪು ಇತ್ತು, ಆದರೆ ಅದನ್ನು ಬಿಚ್ಚಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಇದ್ದಿಲಿನಿಂದ ಗೋಡೆಗೆ ಗೆರೆ ಎಳೆದು, ಒಂದು ಕಣ್ಣು ಮುಚ್ಚಿ ನೋಡಿ, "ನಾಳೆ ಬರ್ತೇನ್ರಿ" ಎಂದು ಹೊರಟರೆ, ಆ ನಾಳೆ ಬರಲು ವಾರ ಹಿಡಿಯುತ್ತಿತ್ತು.

ರಾಣೆಬೆನ್ನೂರಿನ ಮನೆಯಲ್ಲಿ ಇದ್ದವರು ಅವ್ವ ಮತ್ತು ನಾನು. ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕಿ ತಿಕ್ಕಿ ಅವ್ವನ ಮೊಣಕಾಲು ಸೋತಿದ್ದವು. ನಿಂತು ತೊಳೆಯಲಿ ಎಂದೇ ಅಡುಗೆಮನೆ ಒಡೆಸಿದ್ದೆ. ಗುಡ್ಡಪ್ಪ ತಡಮಾಡಿದಷ್ಟು ದಿನವೂ ಅವಳು ಗೋಡೆ ಹಿಡಿದೇ ಏಳಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂತೂ ಒಂದು ದಿನ ಬಂದ. ಸಿಂಕು ಕಿಟಕಿಯ ಕೆಳಗೆ, ಇಷ್ಟೇ ಎತ್ತರಕ್ಕೆ ಎಂದು ನಾನು ಬರೆದಿಟ್ಟ ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ.

"ಬಾಂಡೆ ಯಾರು ತಿಕ್ಕತಾರ್ರೀ ಸರ?"

"ಅವ್ವ. ಮತ್ಯಾರು?"

"ಹಂಗಾರ ನೀವು ಹೊರಗ ಕುಂದ್ರಿ. ತಿಕ್ಕೋರು ಬರ್ಲಿ."

"ನಮ್ಮ ಹುಡುಗ ಹೇಳಿದಂಗ ಮಾಡಪಾ" ಎಂದಳು ಅವ್ವ. ಗುಡ್ಡಪ್ಪ ಬಿಡಲಿಲ್ಲ. ಬೋಳು ಗೋಡೆಯ ಮುಂದೆ ನಿಲ್ಲಿಸಿ, ಕೈಗೊಂದು ಪಾತೇಲಿ ಕೊಟ್ಟು, "ತಿಕ್ರಿ ಯವ್ವಾ" ಎಂದ. ಅವ್ವ ನಗುತ್ತಲೇ ಗಾಳಿಯಲ್ಲಿ ತಿಕ್ಕಿದಳು. ನನ್ನ ಎದೆಮಟ್ಟಕ್ಕಷ್ಟೇ ಬರುತ್ತಿದ್ದ ಅವಳ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಗೆರೆ ಬಿತ್ತು.

ಆಮೇಲೆ ಹನ್ನೆರಡು ದಿನ ಪತ್ತೆಯಿಲ್ಲ. ಅವನ ಊರು ಮೇಡ್ಲೇರಿಗೇ ಹೋಗಿ ಬೈದೆ.

"ಹಾವೇರ್ಯಾಗ ಒಂದು ನೀರಿನ ಟಾಕಿ ಸೋರಾಕತ್ತಿತ್ರಿ. ಸಿಟ್ಟಾಗಬ್ಯಾಡ್ರಿ, ನಾಳೆ ಬರ್ತೇನ್ರಿ."

ಕೊನೆಗೆ ಸಿಂಕು ಕೂತಾಗ ಅದು ನನ್ನ ತೊಡೆಗೆ ತಾಗುತ್ತಿತ್ತು. "ಮಕ್ಕಳ ಸಾಲೀಗೆ ಮಾಡ್ಸೀರೇನ್ರಿ?" ಎಂದು ನೆರೆಯವರು ನಕ್ಕರು. ಅವ್ವ ಮಾತ್ರ ಮತ್ತೆ ಗೋಡೆ ಹಿಡಿಯಲಿಲ್ಲ. ಆರು ವರ್ಷ ಅಲ್ಲೇ ನಿಂತು, ಹಾಡು ಗುನುಗುತ್ತ ತೊಳೆದಳು.

ಅವ್ವ ಹೋದ ಮೇಲೆ ಪಾತ್ರೆ ನನ್ನ ಪಾಲಿಗೆ ಬಂದವು. ಬಗ್ಗಿ ಬಗ್ಗಿ ವಾರದಲ್ಲೇ ನಡ ಹಿಡಿಯಿತು. ಗುಡ್ಡಪ್ಪನನ್ನು ಮನಸಾರೆ ಶಪಿಸಿ, ಅವನಿಗೇ ಹೇಳಿ ಕಳಿಸಿದೆ. ಬಂದವನು ಸಿಂಕನ್ನೊಮ್ಮೆ ಸವರಿದ.

"ಈಗ ಯಾರು ತಿಕ್ಕತಾರ್ರೀ?"

"ನಾನ."

ನನ್ನ ಕೈಗೂ ಪಾತೇಲಿ ಕೊಟ್ಟ. ಗಾಳಿಯಲ್ಲಿ ತಿಕ್ಕಿದೆ. ಹಳೆಯ ಸಿಂಕಿಗಿಂತ ಒಂದು ಗೇಣು ಮೇಲೆ ಗೆರೆ ಎಳೆದು, "ನಾಳೆ ಬರ್ತೇನ್ರಿ" ಎಂದ. ನಾನು ನಂಬಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಚಾಣ, ಸುತ್ತಿಗೆ ಹಿಡಿದು ನಿಂತಿದ್ದ. ಒಳಗೆ ಬಂದವನೇ ಸಿಂಕಿನ ಬುಡಕ್ಕೆ ಚಾಣ ಇಟ್ಟ. ನಾನು ಅವನ ಕೈ ಹಿಡಿದೆ.

"ಇವತ್ತು ಬ್ಯಾಡ ಗುಡ್ಡಪ್ಪಾ."

"ಮೊದಲನೇ ಬಸ್ಸಿಗೆ ಬಂದೇನ್ರಿ ಸರ! ಮತ್ತ ಯಾವಾಗ?"

"ನಾಳೆ ನೋಡೋಣು."

ಸಿಟ್ಟಿನಿಂದ ನನ್ನನ್ನು ನೋಡಿದ. ಆಮೇಲೆ ಸಿಂಕನ್ನು ನೋಡಿ, ಚೀಲ ಕಟ್ಟಿದ. ನಾನು ಮತ್ತೆ ಕರೆಯಲಿಲ್ಲ; ಅವನನ್ನು ಕಂಡದ್ದು ಅದೇ ಕೊನೆ. ಗೋಡೆಯ ಮೇಲೆ ನನ್ನ ಗೆರೆ ಇನ್ನೂ ಇದೆ. ಅದರ ಕೆಳಗೆ ಬಗ್ಗಿ ನಿಂತು, ಅವನನ್ನು ಬೈಯುತ್ತಲೇ ಪಾತ್ರೆ ತೊಳೆಯುತ್ತೇನೆ.