ಸೀನಿದ ಇಲಿ

ಬರೀ ನೀರು ಕುಡಿಸಿದ್ದ ಇಲಿಗಳೂ ದತ್ತೂರಿ ಬೀಜದ ಸಾರ ಕುಡಿದ ಇಲಿಗಳಂತೆಯೇ ಪಂಜರದ ತುಂಬ ಓಡಾಡತೊಡಗಿದವು. ಆ ಸಾರ ಮಿದುಳಿನ ರಾಸಾಯನಿಕಗಳನ್ನು ಹೇಗೆ ಬದಲಿಸುತ್ತದೆ ಎಂಬುದೇ ಹಾವೇರಿಯ ಕಾಲೇಜಿನಲ್ಲಿ ನನ್ನ ಎಂ.ಫಾರ್ಮಾ ಪ್ರಯೋಗ. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಪದವಿ ಎಲ್ಲಿಂದ ಬರಬೇಕು?

"ಹಿಂಗಾದ್ರ ಎಲ್ಲಾ ನೀರಾಗ ಹೋತಲ್ಲವಾ," ಎಂದರು ನನ್ನ ಗೈಡ್ ಸರ್.

ಅಷ್ಟರಲ್ಲಿ ನೀರು ಕುಡಿದ ಇಲಿಯೊಂದು ಸೀನಿತು. ತಟ್ಟನೆ ನನ್ನ ಏಪ್ರನ್ ಮೂಸಿ ನೋಡಿದೆ. ಅವ್ವ ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಬ್ಯಾಡಗಿಯ ನಮ್ಮ ಮನೆ ಅಂಗಳದಲ್ಲೇ ಆ ಏಪ್ರನ್ ಒಣಗಿತ್ತು!

"ಸರ್, ಇವು ಓಡಾಡಾಕತ್ತಿದ್ದು ನಮ್ಮ ಮೆಣಸಿನಕಾಯಿ ಘಾಟಿಗೆ ರೀ!"

ಬೇರೆ ಏಪ್ರನ್ ತೊಟ್ಟು, ಹೊಸ ಇಲಿಗಳ ಮೇಲೆ ಮತ್ತೆ ಪ್ರಯೋಗ ಮಾಡಿದೆ. ನೀರು ಕುಡಿದವು ತಣ್ಣಗೆ ಮಲಗಿದವು. ಮಿದುಳಿನ ಪರೀಕ್ಷೆಯಲ್ಲೂ ವ್ಯತ್ಯಾಸ ಎದ್ದು ಕಂಡಿತು. ನಾನು ಗೆದ್ದಿದ್ದೆ!

ನಮ್ಮ ಮನೆತನದ ಮೊದಲ ಪದವೀಧರೆಯಾದ ನನ್ನನ್ನು ಓದಿಸಿದ್ದೂ ಅದೇ ಮೆಣಸಿನಕಾಯಿ. ಆ ಏಪ್ರನ್ನನ್ನು ಇವತ್ತಿಗೂ ಒಗೆದಿಲ್ಲ.