ಕ್ಯಾಂಪಿಂಗ್ ಶಾಂತರಾಜು

ಚಳಿಗಾಲ ಬಂತೆಂದರೆ ಹರದನಹಳ್ಳಿಯ ನನ್ನ ಗೆಳೆಯ ಶಾಂತರಾಜುವಿಗೆ ಬೈಕಿನಲ್ಲಿ ಕ್ಯಾಂಪಿಂಗ್ ಹೋಗುವ ಹುಚ್ಚು ಹತ್ತುತ್ತದೆ. "ಒಂದು ಟೆಂಟಿದ್ರೆ ಸಾಕು ಕಣ್ಲಾ" ಎನ್ನುತ್ತಲೇ ಕಂಬಳಿ, ಕುಕ್ಕರ್, ಮಡಚುವ ಮಂಚವನ್ನೆಲ್ಲ ಬಿಗಿದು, ನನಗೆ ಕೂರಲು ಪೆಟ್ರೋಲ್ ಟ್ಯಾಂಕನ್ನಷ್ಟೇ ಉಳಿಸುತ್ತಾನೆ. ಕಾಡಂಚಿನ ಹಂಗಳದಲ್ಲಿರುವ ನಮ್ಮ ಮಾವನ ಹೊಲದಲ್ಲಿ ಟೆಂಟು ಹಾಕಿ, "ಆನೆ ಬಂದ್ರೂ ನಾನಿವ್ನಿ, ನೀ ಮನಿಕೊ" ಎಂದು ಎದೆ ತಟ್ಟಿಕೊಂಡು, ನನ್ನನ್ನೇ ಬಾಗಿಲ ಕಡೆಗೆ ಮಲಗಿಸುತ್ತಾನೆ. ನನಗೆ ಕಣ್ಣು ಹತ್ತುವಷ್ಟರಲ್ಲಿ, "ಎಚ್ರ ಇದ್ದೀಯೇನ್ಲಾ?" ಎನ್ನುತ್ತಾನೆ. ನಾನು "ಊಂ" ಎಂದರೆ, "ಏನಿಲ್ಲ, ಮನಿಕೊ" ಎಂದು, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಾನೆ. ಈ ಸಲ ನಾನು ರೇಗಿ, "ಎದ್ರಿಕೇನ್ಲಾ?" ಎಂದೆ. "ಅವ್ವ ತೀರೋದ್ಮೇಲೆ ಮನೇಲಿ ಊಂ ಅನ್ನೋರಿಲ್ಲ ಕಣ್ಲಾ" ಎಂದ. ಮತ್ತೆ ಕೇಳಿದರೆ ಉತ್ತರಿಸಬೇಕೆಂದು ನಾನು ಬೆಳಗಿನವರೆಗೂ ಎಚ್ಚರವಾಗಿದ್ದೆ; ಅವನು ಆರಾಮಾಗಿ ಗೊರಕೆ ಹೊಡೆಯುತ್ತಿದ್ದ.